ಹಟ ಎನ್ನುವ ಮುನ್ನ ಹೊಟ್ಟೆ ಮುಟ್ಟಿ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹಲ್ಲುನೋವಿರಲಿ, ಮಲಬದ್ಧತೆಯಿರಲಿ, ಬರಹಗಳೆಲ್ಲ ‘ಹೀಗಾದರೆ ವೈದ್ಯರಿಗೆ ತಿಳಿಸಿ’ ಎಂದು ಮುಗಿಯುತ್ತವೆ. ತಿಳಿಸಲು ಮಾತೇ ಇಲ್ಲದವರು ಏನು ಮಾಡಬೇಕು ಎಂಬುದು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ನನ್ನ ತಮ್ಮನಿಗೆ ಈಗ 34 ವರ್ಷ. ಹುಟ್ಟಿನಿಂದ ಬೌದ್ಧಿಕ ಅಂಗವಿಕಲತೆಯಿದೆ, ಮಾತು ಬಂದಿಲ್ಲ. ಒಗೆದ ಬಟ್ಟೆಗಳನ್ನು ಮಡಚಿಡುವುದು ಮನೆಯಲ್ಲಿ ಅವನ ಕೆಲಸ. ಅಂಚಿಗೆ ಅಂಚು ಕೂಡದಿದ್ದರೆ ಬಿಚ್ಚಿ ಮತ್ತೆ ಮಡಚುತ್ತಾನೆ. ಎರಡು ವರ್ಷಗಳ ಹಿಂದೆ ಒಂದು ಸಂಜೆ ಆ ಬಟ್ಟೆಯ ರಾಶಿಯನ್ನೇ ಒದ್ದು ದೂರ ತಳ್ಳಿದ. ಅದೇ ವಾರ ಮುಷ್ಟಿಯಿಂದ ತಲೆ ಗುದ್ದಿಕೊಳ್ಳತೊಡಗಿದ. ತಡೆಯಲು ಹೋದ ಅಮ್ಮನ ಮುಂಗೈ ಕಚ್ಚಿದ. ಊಟವಾದ ಮೇಲೆ ಇದೆಲ್ಲ ಇನ್ನೂ ಹೆಚ್ಚುತ್ತಿತ್ತು.

ಬಂದು ಹೋದವರೆಲ್ಲ ಹಟ ಎಂದರು. ನಾವು ತೋರಿಸಿದ ವೈದ್ಯರು ‘ಇಂಥವರಲ್ಲಿ ಇದು ಇದ್ದದ್ದೇ’ ಎಂದು ಶಾಂತಗೊಳಿಸುವ ಮಾತ್ರೆ ಬರೆದುಕೊಟ್ಟರು. ಕಡಿಮೆಯಾಗದಿದ್ದಾಗ ಪ್ರಮಾಣ ಹೆಚ್ಚಿಸಿದರು. ಕೈ ನಡುಗತೊಡಗಿತು; ನಡುಕಕ್ಕೆ ಇನ್ನೊಂದು ಮಾತ್ರೆ ಸೇರಿತು. ಪ್ರತಿ ಭೇಟಿಯಲ್ಲೂ ಅಮ್ಮ ಒಂದೇ ಮಾತು ಹೇಳುತ್ತಿದ್ದಳು: ‘ಅವನಿಗೆ ಎಲ್ಲೋ ನೋಯುತ್ತಿದೆ.’ ಅದನ್ನು ಯಾರೂ ಚೀಟಿಯಲ್ಲಿ ಬರೆದುಕೊಳ್ಳಲಿಲ್ಲ. ನಾನೇ ಒಮ್ಮೆ ‘ಸುಮ್ಮನಿರಮ್ಮ, ಅವರಿಗೆ ಗೊತ್ತಿರುತ್ತದೆ’ ಎಂದು ಗದರಿದ್ದೆ. ಅದನ್ನು ನೆನೆದರೆ ಇಂದಿಗೂ ಗಂಟಲು ಕಟ್ಟುತ್ತದೆ.

ಐದನೆಯ ತಿಂಗಳು ಬೇರೊಂದು ಕಡೆ ಹೋದೆವು. ಅಲ್ಲಿನ ಕಿರಿಯ ವೈದ್ಯೆ ಅವನನ್ನು ಮಲಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ನೋಡಿದರು. ಅಷ್ಟು ತಿಂಗಳಲ್ಲಿ ಯಾರೂ ಅವನ ಮೈ ಮುಟ್ಟಿ ನೋಡಿರಲಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ. ‘ಮಲವಿಸರ್ಜನೆಯಾಗಿ ಎಷ್ಟು ದಿನವಾಯಿತು?’ ಎಂದು ಕೇಳಿದರು. ಅವನು ತಾನೇ ಹೋಗಿ ಬಾಗಿಲು ಹಾಕಿಕೊಳ್ಳುವವನಾದ್ದರಿಂದ ನಮ್ಮಲ್ಲಿ ಉತ್ತರವಿರಲಿಲ್ಲ. ಎಕ್ಸ್‌ರೇ ತೆಗೆಸಿದಾಗ ಕರುಳಿನಲ್ಲಿ ಮಲ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಅವನಿಗೆ ಕೊಡುತ್ತಿದ್ದಂಥ ಮಾತ್ರೆಗಳಿಂದಲೂ ಮಲಬದ್ಧತೆಯಾಗುತ್ತದೆ, ನಡುಕದ ಮಾತ್ರೆ ಕರುಳಿನ ಚಲನೆಯನ್ನು ಇನ್ನಷ್ಟು ನಿಧಾನ ಮಾಡುತ್ತದೆ ಎಂದು ಅವರು ಬಿಡಿಸಿ ಹೇಳಿದರು. ನೋವಿಗೆ ಗುದ್ದಿಕೊಂಡ, ಗುದ್ದಿಕೊಂಡದ್ದಕ್ಕೆ ಮಾತ್ರೆ ಕೊಟ್ಟೆವು, ಮಾತ್ರೆಯಿಂದ ನೋವು ಹೆಚ್ಚಿತು. ಐದು ತಿಂಗಳು ಅವನನ್ನು ಈ ಸುಳಿಯಲ್ಲಿ ತಿರುಗಿಸಿದವರಲ್ಲಿ ನಾವೂ ಇದ್ದೆವು. ಹೊಟ್ಟೆ ಸರಿಹೋದ ಎರಡನೆಯ ವಾರದಲ್ಲಿ ಅವನು ಬಟ್ಟೆ ಮಡಚಲು ಕುಳಿತ.

ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. 1982ರಲ್ಲಿ ಮನೋವಿಜ್ಞಾನಿ ಸ್ಟೀವನ್ ರೀಸ್ ಮತ್ತು ಸಂಗಡಿಗರು ತೀವ್ರ ಭಯದಿಂದ ಬಳಲುವ ವ್ಯಕ್ತಿಯೊಬ್ಬರ ವಿವರವನ್ನು ಮನೋವಿಜ್ಞಾನಿಗಳ ಮುಂದಿಟ್ಟಿದ್ದರು. ಆ ವ್ಯಕ್ತಿಗೆ ಬೌದ್ಧಿಕ ಅಂಗವಿಕಲತೆಯಿದೆ ಎಂದು ಸೇರಿಸಿದಾಗ, ಅದೇ ಭಯವನ್ನು ಚಿಕಿತ್ಸೆ ಬೇಕಾದ ಕಾಯಿಲೆಯೆಂದು ಗುರುತಿಸಿದವರು ಕಡಿಮೆಯಾದರು. ಇದಕ್ಕೆ ಅವರು ‘ಡಯಾಗ್ನೋಸ್ಟಿಕ್ ಓವರ್‌ಶ್ಯಾಡೋಯಿಂಗ್’ ಎಂಬ ಹೆಸರಿಟ್ಟರು. ಹಣೆಪಟ್ಟಿಯ ನೆರಳು ಎಂದು ನಾನು ಕರೆದುಕೊಳ್ಳುತ್ತೇನೆ. ಒಂದು ಕಾಯಿಲೆಯ ಹೆಸರು ಗೊತ್ತಿದ್ದರೆ ಉಳಿದದ್ದೆಲ್ಲ ಅದರ ನೆರಳಿನಲ್ಲಿ ಮರೆಯಾಗಿಬಿಡುತ್ತದೆ. ನೋವಷ್ಟೇ ಅಲ್ಲ, ದುಃಖವೂ. ಖಿನ್ನತೆ ಬಂದರೆ ಇವರು ‘ಮನಸ್ಸು ಸರಿಯಿಲ್ಲ’ ಎಂದು ಹೇಳಲಾರರು. ನಿದ್ದೆ ಕೆಡುತ್ತದೆ, ಇಷ್ಟದ ಕೆಲಸ ಬಿಟ್ಟು ಕೂರುತ್ತಾರೆ, ಸಿಡುಕುತ್ತಾರೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಇವರಿಗೆ ಅರ್ಥವಾಗುವುದಿಲ್ಲವೆಂದು ಹೇಳದೆಯೇ ಬಿಡುತ್ತೇವೆ. ಅವರು ತಿಂಗಳುಗಟ್ಟಲೆ ಬಾಗಿಲು ನೋಡುತ್ತಿರುತ್ತಾರೆ.

ಮಾತ್ರೆಗಳ ಬಗ್ಗೆ ಎಚ್ಚರದಿಂದ ಬರೆಯಬೇಕು. ಕೆಲವರಿಗೆ ಅವು ನಿಜವಾಗಿ ಬೇಕು. ಯಾರೂ ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು; ನನ್ನ ತಮ್ಮನಿಗೂ ವೈದ್ಯೆಯೇ ಹಂತಹಂತವಾಗಿ ಇಳಿಸಿದರು. ಆದರೆ 2008ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಬೌದ್ಧಿಕ ಅಂಗವಿಕಲತೆಯಿದ್ದು, ಸಿಟ್ಟಿಗೆದ್ದು ಹೊಡೆಯುವ ವರ್ತನೆಯಿದ್ದ 86 ಮಂದಿಯಲ್ಲಿ ಕೆಲವರಿಗೆ ರಿಸ್ಪೆರಿಡೋನ್, ಕೆಲವರಿಗೆ ಹ್ಯಾಲೊಪೆರಿಡಾಲ್ ಎಂಬ ಶಾಂತಗೊಳಿಸುವ ಔಷಧ, ಉಳಿದವರಿಗೆ ಔಷಧವೇ ಇಲ್ಲದ ಹುಸಿಮಾತ್ರೆ ಕೊಟ್ಟಿದ್ದರು. ಮೂರೂ ಗುಂಪುಗಳಲ್ಲಿ ಆ ವರ್ತನೆ ತಗ್ಗಿತು; ಹೆಚ್ಚು ತಗ್ಗಿದ್ದು ಹುಸಿಮಾತ್ರೆಯವರಲ್ಲಿ.

ಈಗ ನಮ್ಮ ಮನೆಯಲ್ಲಿ ಒಂದು ನೋಟ್‌ಬುಕ್ ಇದೆ. ಏನಾಯಿತು ಎನ್ನುವುದಕ್ಕಿಂತ ಅದಕ್ಕೆ ಮೊದಲು ಏನಿತ್ತು, ಆಮೇಲೆ ಏನಾಯಿತು ಎಂಬುದನ್ನು ಬರೆಯುತ್ತೇವೆ. ಊಟ, ನಿದ್ದೆ, ಮಲವಿಸರ್ಜನೆ, ಹೊರಗಿನ ಗದ್ದಲ, ಮನೆಗೆ ಬಂದ ಹೊಸಬರು ಎಲ್ಲವೂ ಅದರಲ್ಲಿವೆ. ಹೊಟ್ಟೆ, ತಲೆ, ಹಲ್ಲು, ಕಿವಿಯ ಚಿತ್ರವಿರುವ ಕಾರ್ಡುಗಳನ್ನೂ ಮಾಡಿಸಿದ್ದೇವೆ. ಕಲಿಯಲು ಅವನಿಗೆ ಏಳು ತಿಂಗಳು ಬೇಕಾಯಿತು. ಹೋದ ತಿಂಗಳು ನಡುರಾತ್ರಿ ಬಂದು ಕಿವಿಯ ಕಾರ್ಡನ್ನು ಅಮ್ಮನ ಅಂಗೈಯಲ್ಲಿಟ್ಟ. ನೋಡಿಸಿದರೆ ಕಿವಿಯೊಳಗೆ ಸೋಂಕಾಗಿತ್ತು. ತಲೆ ಗುದ್ದಿಕೊಳ್ಳಲಿಲ್ಲ, ಕಚ್ಚಲಿಲ್ಲ.

ಅಮ್ಮನ ವಿಷಯವನ್ನೂ ಹೇಳಬೇಕು. ಆ ಐದು ತಿಂಗಳು ಅವಳು ಪೂರ್ತಿ ಒಂದು ರಾತ್ರಿ ಮಲಗಲಿಲ್ಲ. ಕಚ್ಚಿದ ಗುರುತು ಕಾಣದಿರಲೆಂದು ಸೆಕೆಯಲ್ಲೂ ತುಂಬುತೋಳಿನ ರವಿಕೆ ತೊಡುತ್ತಿದ್ದಳು. ಎಷ್ಟೋ ಬಾಗಿಲುಗಳಿಗೆ ಹೋದರೂ ‘ನೀವು ಹೇಗಿದ್ದೀರಿ?’ ಎಂದು ಅವಳನ್ನು ಕೇಳಿದವರು ಆ ಕಿರಿಯ ವೈದ್ಯೆಯೊಬ್ಬರೇ. ಆ ಪ್ರಶ್ನೆಗೆ ಅಮ್ಮ ಅತ್ತದ್ದನ್ನು ನಾನು ಮೊದಲ ಬಾರಿಗೆ ನೋಡಿದೆ. ಇಂಥ ಮನೆಗಳಿಗೆ ಬುದ್ಧಿಮಾತಿನಿಂದ ಏನೂ ಆಗುವುದಿಲ್ಲ. ತರಬೇತಿ ಪಡೆದವರೊಬ್ಬರು ತಿಂಗಳಿಗೆರಡು ದಿನ ಬಂದು ನೋಡಿಕೊಂಡರೆ, ತಾಯಿ ನಿದ್ದೆ ಮಾಡುತ್ತಾಳೆ.

2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 25ನೆಯ ವಿಧಿ, ಇತರರಿಗೆ ಸಿಗುವ ಗುಣಮಟ್ಟದ ಆರೋಗ್ಯ ಸೇವೆಯೇ ಇವರಿಗೂ ಸಿಗಬೇಕು ಎನ್ನುತ್ತದೆ. ನಮ್ಮ ಪಾಲಿಗೆ ಅದರ ಮೊದಲ ಮೆಟ್ಟಿಲು ಹೊಟ್ಟೆಯ ಮೇಲೆ ಇಟ್ಟ ಒಂದು ಕೈ.

ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಮುಂದಿನ ಸಲ ಹಲ್ಲುನೋವಿನ ಬಗ್ಗೆ ವೈದ್ಯರಿಂದ ಬರೆಸುವಾಗ, ನೋವನ್ನು ಹೇಳಲಾರದೆ ಕೆನ್ನೆಗೆ ಹೊಡೆದುಕೊಳ್ಳುವವರ, ತಟ್ಟೆಯನ್ನು ದೂರ ತಳ್ಳುವವರ ಬಗ್ಗೆಯೂ ಎರಡು ಸಾಲು ಸೇರಿಸುವಂತೆ ದಯವಿಟ್ಟು ಕೇಳಿಕೊಳ್ಳಿ.

– ಒಬ್ಬ ಅಕ್ಕ