ಕೊಕ್ಕರೆಗೆ, ಐರ್ಲೆಂಡಿನ ದಕ್ಷಿಣ ದಂಡೆಯಿಂದ

ಲೇ ಕೊಕ್ಕರೆ,

ಹೊನ್ನಾವರದವಳನ್ನು ಕಟ್ಟಿಕೊಂಡ ದಾವಣಗೆರೆಯವನಿಗೆ ಏನಾಗಬೇಕಿತ್ತೋ ಅದು ಆಯ್ತು. ಬಾಡಿಗೆಗೆ ಹಾಯಿದೋಣಿ ತಗೊಂಡು ಕಿನ್ಸೇಲ್‌ನಿಂದ ಪಶ್ಚಿಮಕ್ಕೆ ಹೋಗಿ ಬಂದ್ವಿ. ಕ್ಯಾಪ್ಟನ್ ಯಾರು ಅಂತ ಕೇಳಬೇಡ. ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಮಾಡಿದ್ದಷ್ಟೇ ನನ್ನ ಜಲಾನುಭವ.

ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ, ಅಂದ್ರೆ ನಾವು ಹೋಗಬೇಕಾದ ದಿಕ್ಕಿನಿಂದಲೇ. ಹಾಯಿದೋಣಿ ಗಾಳಿಗೆ ನೇರ ಎದುರು ಹೋಗಲ್ಲ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆಯಾಗೇ ಸಾಗಬೇಕು. ಪ್ರತಿ ತಿರುವಿಗೂ ಅವಳು ಕೂಗ್ತಾಳೆ, ನಾನು ಈ ಕಡೆ ಹಗ್ಗ ಬಿಟ್ಟು ಆ ಕಡೇದು ಎಳೀತೀನಿ. ರೇಡಿಯೋದಲ್ಲಿ ಸಮುದ್ರದ ಹವಾಮಾನ ಓದುವಾಗ ಉಸಿರೆತ್ತಂಗಿಲ್ಲ. ರೋಚಸ್ ಪಾಯಿಂಟ್, ಮಿಜನ್ ಹೆಡ್, ವ್ಯಾಲೆನ್ಶಿಯ ಅಂತ ಭೂಶಿರಗಳ ಹೆಸರು ಹಿಡಿದು ಹೇಳ್ತಾ ಹೋಗ್ತಾರೆ. ಯುಗಾದಿ ದಿನ ಪಂಚಾಂಗ ಕೇಳೋ ನಮ್ಮಜ್ಜನ ಹಾಗೆ ಕೂತಿರ್ತಾಳೆ.

ಫಾಸ್ಟ್‌ನೆಟ್ ಬಂಡೆ ನೋಡಬೇಕು ನೀನು. ನಡುನೀರಲ್ಲಿ 54 ಮೀಟರ್ ಎತ್ತರದ ದೀಪಸ್ತಂಭ, ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ್ದು, 1904ರಿಂದ ಉರೀತಿದೆ. ಅಮೆರಿಕಕ್ಕೆ ವಲಸೆ ಹೊರಟವರಿಗೆ ಊರಿನ ಕಡೇ ತುಣುಕು ಕಾಣ್ತಿದ್ದದ್ದು ಇದೇ ಅಂತೆ, ಅದಕ್ಕೇ ಐರ್ಲೆಂಡಿನ ಕಣ್ಣೀರ ಹನಿ ಅಂತಾರೆ. 1979ರ ಫಾಸ್ಟ್‌ನೆಟ್ ಹಾಯಿದೋಣಿ ರೇಸಿನ ಬಿರುಗಾಳಿಗೆ 15 ಸ್ಪರ್ಧಿಗಳು ಸತ್ತ ಕಥೆಯನ್ನೂ ಅವಳು ಅದೇ ಹೊತ್ತಿಗೆ ಹೇಳಬೇಕಿತ್ತಾ?

ಮಿಜನ್ ಸುತ್ತುವಾಗ ಫೋನಿನ ಸಿಗ್ನಲ್ ಹೋಯ್ತು. ಕೆಳಗೆ ಸೆಳವು, ಪಕ್ಕದಲ್ಲಿ ಕಡಿದಾದ ಬಂಡೆ. ನನಗೆ ಮಾತ್ರ ಎಂಥಾ ನಿರಾಳ! ಇನ್ನು ಸ್ವಲ್ಪ ಹೊತ್ತು ಅಮ್ಮನ ಫೋನ್ ಬರಲ್ಲ ಅಂತ.

ಆಚೆ ಡನ್‌ಮ್ಯಾನಸ್ ಕೊಲ್ಲಿಯಲ್ಲಿ ಅಹಕಿಸ್ತ ಅಂತ ಹಳ್ಳಿ. ಅಲ್ಲಿ ಲಂಗರು ಹಾಕಿ, ಸಿಗ್ನಲ್ ಬಂದಿದ್ರೂ ಫೋನನ್ನು ದೋಣಿಯಲ್ಲೇ ಬಿಟ್ಟು ದಡಕ್ಕಿಳಿದೆ. ನೀರಿನಂಚಲ್ಲೇ, ಈ ಕಡಲ ಮೇಲೆ ಸಿಡಿದುಬಿದ್ದ ಏರ್ ಇಂಡಿಯಾದ ಕನಿಷ್ಕ ವಿಮಾನದ ಸ್ಮಾರಕ ಇದೆ. 1985ರ ಜೂನ್ 23, ಬಾಂಬು, 329 ಜನ. ಸಿಕ್ಕಿದ್ದು 131 ದೇಹ. ಬಹಳಷ್ಟು ಜನ ಕೆನಡಾದಲ್ಲಿ ನೆಲೆಸಿದ್ದ ನಮ್ಮವರೇ, ರಜೆಗೆ ಮಕ್ಕಳನ್ನು ಕರ್ಕೊಂಡು ಊರಿಗೆ ಹೊರಟವರು. ಗೋಡೆ ಮೇಲೆ ಎಲ್ಲರ ಹೆಸರಿದೆ. ಅವರ ಮನೆಯವರು ಈಗಲೂ ಜೂನ್‌ನಲ್ಲಿ ಬರ್ತಾರೆ.

ಹೆಸರು ಓದ್ತಾ ಓದ್ತಾ ನನ್ನ ಮೇಲೇ ಅಸಹ್ಯ ಆಯ್ತು ಕಣೋ. ಅಮ್ಮ ಬಿದ್ದು ಸೊಂಟ ಮುರ್ಕೊಂಡ ಮೇಲೆ, ಆಕೆ ಹೆಸರು ಫೋನಲ್ಲಿ ಮೂಡಿದ ಕೂಡಲೇ ಭಯ ಆಗುತ್ತೆ. ಅದು ಎಲ್ಲರಿಗೂ ಇರುತ್ತೆ ಬಿಡು. ಭಯದ ಹಿಂದೆಯೇ, ರಜೆ ಎಷ್ಟು ಉಳಿದಿದೆ, ಟಿಕೆಟ್ ಎಷ್ಟಾಗಬಹುದು, ಈ ಸಲ ಅಕ್ಕನೇ ನಿಭಾಯಿಸಬಹುದಾ ಅಂತ ಲೆಕ್ಕ ಶುರುವಾಗುತ್ತೆ. ಆಕೆ ‘ಊಟ ಆಯ್ತಾ’ ಅಂತ ಕೇಳೋಕೆ ಮಾಡಿರ್ತಾಳೆ. ಇದನ್ನು ಹೆಂಡತಿಗೂ ಹೇಳಿಲ್ಲ. ನೋಡು, ಊರಿಗೆಲ್ಲ ಹೇಳ್ತಿದೀನಿ.

ಸಾಕು. ಅಮ್ಮ ಫೇಸ್‌ಬುಕ್‌ನಲ್ಲಿಲ್ಲ ಅನ್ನೋ ಧೈರ್ಯ. ಅಕ್ಕ ಇದಾಳೆ, ಅಕ್ಕಾ, ಕಾಮೆಂಟಲ್ಲಿ ಬೈಬೇಡ, ಮೆಸೇಜ್ ಮಾಡು. ಕೊಕ್ಕರೆ, ನೀನು ಆ ಲೂನಾ ವಿಷಯ ಇಲ್ಲಿ ಎತ್ತಿದ್ರೆ ಬ್ಲಾಕ್ ಮಾಡ್ತೀನಿ. ನಾನು ಚುಕ್ಕಾಣಿ ಹಿಡಿದು ಗಂಭೀರವಾಗಿ ನಿಂತಿರೋ ಫೋಟೋ ಕೆಳಗಿದೆ. ದೋಣಿ ಆಗ ಜೆಟ್ಟಿಗೆ ಕಟ್ಟಿತ್ತು.

ನಿನ್ನ,
ಹದಿನೇಳನೇ ನಂಬರ್