ಸಮುದ್ರದ ನೀರು ಗುಂಡಗೆ ಸುತ್ತುವುದು ಯಾಕೆ? ಮಗಳಿಗೊಂದು ಪತ್ರ

ಕಲಬುರಗಿ

ನನ್ನವ್ವಾ,

ನಿನ್ನ ಮೆಸೇಜ್ ಓದಿದೆ. ಗಾಳಿ ತಳ್ಳಿದ ಕಡೆಗೆ ನೀರು ಹೋಗಬೇಕಲ್ವಾ, ಮತ್ತೆ ಸಾಗರ ಪ್ರವಾಹಗಳು ಗುಂಡಗೆ ಯಾಕೆ ಸುತ್ತುತ್ತವೆ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳೋಕೆ ಹೋದರೆ ನಿಮ್ಮವ್ವ ನಡುವೆ ಬಾಯಿ ಹಾಕಿ ಊಟ ಆಯ್ತಾ, ನೆಗಡಿ ಹೋಯ್ತಾ ಅಂತ ಶುರು ಮಾಡುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಳು ಮಾರಿಸಿಕೊಡುವ ಅಡತ್ ಅಂಗಡಿಯವನಿಗೆ ಸಮುದ್ರದ ಉಸಾಬರಿ ಯಾಕೆ ಅಂತ ನಗಬೇಡ, ನಾನೂ ಬಿ.ಎಸ್ಸಿ ಫಿಜಿಕ್ಸ್ ಓದಿದವನೇ. ಅದೂ ಅಲ್ಲದೆ ನಮ್ಮ ಗಂಜ್‌ನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಬೆಳಿಗ್ಗೆ ಚಹಾ ಕುಡಿಯುತ್ತಾ ಮೊದಲು ಕೇಳುವುದೇ ಮೊಜಾಂಬಿಕ್ ತೊಗರಿಯ ಹಡಗು ಬಂತಾ ಅಂತ. ಅದು ಬಂದರೆ ಇಲ್ಲಿ ರೇಟು ಇಳಿಯುತ್ತದೆ.

ನಿಮ್ಮ ಪುಸ್ತಕಗಳ ಮೇಲೆ ನನಗೆ ಒಂದು ಸಿಟ್ಟಿದೆ. ನಕ್ಷೆ ಮೇಲೆ ಕೆಂಪು ಬಾಣ, ನೀಲಿ ಬಾಣ, ಪಕ್ಕದಲ್ಲಿ ಗಲ್ಫ್ ಸ್ಟ್ರೀಮ್, ಕುರೋಶಿಯೊ, ಹಂಬೋಲ್ಟ್ ಅಂತ ಹೆಸರು. ಬಾಯಿಪಾಠ ಮಾಡು, ಮಾರ್ಕ್ಸ್ ತಗೋ. ಕಾರಣ ಮಾತ್ರ ಒಂದು ಸಾಲಿನಲ್ಲಿ ಮುಗಿಯುತ್ತದೆ: ಗಾಳಿ ಮತ್ತು ಭೂಮಿಯ ತಿರುಗಾಟ. ಸರಿ, ಆದರೆ ಹೇಗೆ?

ಮೊದಲು ತಿರುಗಾಟ. ಭೂಮಿ ಪೂರ್ವಕ್ಕೆ ತಿರುಗುವಾಗ ಸಮಭಾಜಕದ ಮೇಲಿನ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ಓಡುತ್ತದೆ. ನಮ್ಮ ಕಲಬುರಗಿ ಸುಮಾರು 1,600. ದೆಹಲಿ ಇನ್ನೂ ಕಮ್ಮಿ, 1,470ರ ಹತ್ತಿರ. ಸಮಭಾಜಕದಿಂದ ಉತ್ತರಕ್ಕೆ ಹೊರಟ ನೀರು ತನ್ನ ಹಳೇ ವೇಗವನ್ನು ಜತೆಗೇ ತರುತ್ತದೆ. ಕೆಳಗಿನ ನೆಲ ನಿಧಾನ, ನೀರು ಜೋರು. ಹಾಗಾಗಿ ಅದು ಪೂರ್ವಕ್ಕೆ, ಅಂದರೆ ತನ್ನ ಬಲಕ್ಕೆ ವಾಲುತ್ತದೆ. ಪೂರ್ವಕ್ಕೋ ಪಶ್ಚಿಮಕ್ಕೋ ಹೋಗುವ ನೀರೂ ಬಲಕ್ಕೇ ವಾಲುತ್ತದೆ, ಅದರ ಲೆಕ್ಕ ಸ್ವಲ್ಪ ಬೇರೆ, ನಿಮ್ಮ ಮೇಡಂ ಬೋರ್ಡ್ ಮೇಲೆ ಮಾಡಲಿ. ದಕ್ಷಿಣಾರ್ಧಗೋಳದಲ್ಲಿ ಎಲ್ಲವೂ ಎಡಕ್ಕೆ. ಇದೇ ಕೊರಿಯೊಲಿಸ್ ಪರಿಣಾಮ. ಸಿಂಕ್‌ನ ನೀರು ಸುತ್ತಿಕೊಂಡು ಇಳಿಯುವುದೂ ಇದರಿಂದಲೇ ಅಂತ ರೀಲ್ಸ್‌ನಲ್ಲಿ ಹೇಳುತ್ತಾರೆ. ಸುಳ್ಳು. ಬಚ್ಚಲಿನಷ್ಟು ಜಾಗದಲ್ಲಿ ಈ ಪರಿಣಾಮ ಲೆಕ್ಕಕ್ಕೇ ಇಲ್ಲ. ನೂರಾರು ಕಿಲೋಮೀಟರ್ ದಿನಗಟ್ಟಲೆ ಸಾಗುವ ನೀರಿಗೇ ಅದು ತಟ್ಟುವುದು.

ಇದನ್ನು ಕಣ್ಣಾರೆ ಕಂಡವನು ನಾರ್ವೆಯ ಧ್ರುವ ಅನ್ವೇಷಕ ನಾನ್ಸೆನ್. 1893ರಲ್ಲಿ ಅವನು ಫ್ರಾಮ್ ಅನ್ನುವ ತನ್ನ ಹಡಗನ್ನು ಬೇಕಂತಲೇ ಆರ್ಕ್ಟಿಕ್ ಮಂಜುಗಡ್ಡೆಯಲ್ಲಿ ಸಿಕ್ಕಿಸಿದ. ಮಂಜಿನ ಜತೆ ತೇಲುತ್ತಾ ಹೋಗುವಾಗ ನೋಡುತ್ತಾನೆ, ಮಂಜು ಗಾಳಿಯ ದಿಕ್ಕಿಗೆ ಹೋಗುತ್ತಿಲ್ಲ, 20ರಿಂದ 40 ಡಿಗ್ರಿ ಬಲಕ್ಕೆ ಸರಿಯುತ್ತಿದೆ. ಅದರ ಗಣಿತವನ್ನು ಸ್ವೀಡನ್ನಿನ ಸಾಗರ ವಿಜ್ಞಾನಿ ಎಕ್‌ಮನ್ ಬಿಡಿಸಿ 1905ರಲ್ಲಿ ಪ್ರಕಟಿಸಿದ. ಗಾಳಿ ಮೇಲಿನ ಪದರವನ್ನು ತಳ್ಳುತ್ತದೆ, ಅದು ತನ್ನ ಕೆಳಗಿನದನ್ನು ಎಳೆಯುತ್ತದೆ, ಪ್ರತಿ ಪದರವೂ ಇನ್ನಷ್ಟು ಬಲಕ್ಕೆ ವಾಲುತ್ತದೆ. ಎಲ್ಲಾ ಕೂಡಿಸಿದರೆ ನೀರು ಸಾಗುವುದು ಗಾಳಿಗೆ ನೇರ ಅಡ್ಡಕ್ಕೆ, 90 ಡಿಗ್ರಿ ಬಲಕ್ಕೆ.

ಈಗ ನಕ್ಷೆ ತೆಗೆದು ಉತ್ತರ ಅಟ್ಲಾಂಟಿಕ್ ನೋಡು. ಕೆಳಗಡೆ, ಸಮಭಾಜಕದ ಕಡೆಗೆ, ವಾಣಿಜ್ಯ ಮಾರುತ ಅನ್ನುವ ಗಾಳಿ ಪಶ್ಚಿಮಕ್ಕೆ ಬೀಸುತ್ತದೆ. ಅದರ ಬಲಗಡೆ ಅಂದರೆ ಉತ್ತರ. ಮೇಲ್ಗಡೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ, ಅದರ ಬಲಗಡೆ ದಕ್ಷಿಣ. ಎರಡೂ ಸೇರಿ ನೀರನ್ನು ನಡುವಿಗೆ ತಂದು ಒಟ್ಟುತ್ತವೆ. ಅಲ್ಲಿ ಸಮುದ್ರ ನಿಜಕ್ಕೂ ಉಬ್ಬಿದೆ, ಹೆಚ್ಚು ಕಮ್ಮಿ ಒಂದು ಮೀಟರ್. ಗಂಜ್‌ನಲ್ಲಿ ತೊಗರಿ ಚೀಲ ಸುರಿದು ರಾಶಿ ಮಾಡಿದರೆ ಕಾಳು ನಾಲ್ಕೂ ಕಡೆ ಜಾರುತ್ತದೆ, ನೋಡಿದ್ದೀಯಲ್ಲ. ಈ ನೀರಿನ ರಾಶಿಯೂ ಜಾರೋಕೆ ಹೊರಡುತ್ತದೆ. ಆದರೆ ಇಳಿಯಲು ಹೊರಟ ನೀರನ್ನು ಭೂಮಿಯ ತಿರುಗಾಟ ಬಲಕ್ಕೆ ತಿರುಗಿಸುತ್ತಾ ಹೋಗುತ್ತದೆ, ಹೊರಕ್ಕೆ ನೂಕುವ ಒತ್ತಡ ಒಂದು ಕಡೆ, ಒಳಕ್ಕೆ ಎಳೆಯುವ ಕೊರಿಯೊಲಿಸ್ ಇನ್ನೊಂದು ಕಡೆ, ಎರಡೂ ಸರಿಸಮ ಆದಾಗ ನೀರು ಇಳಿಯುವುದನ್ನು ಬಿಟ್ಟು ರಾಶಿಯ ಸುತ್ತ ಓಡತೊಡಗುತ್ತದೆ. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ. ಗಾಳಿ ನೀರನ್ನು ಸುತ್ತಿಸುವುದಿಲ್ಲ, ಗುಡ್ಡೆ ಹಾಕುತ್ತದೆ. ಸುತ್ತುವುದು ಆ ಗುಡ್ಡೆಯಿಂದಾಗಿ. ಉತ್ತರದಲ್ಲಿ ಗಡಿಯಾರದ ಮುಳ್ಳಿನಂತೆ, ದಕ್ಷಿಣದಲ್ಲಿ ಉಲ್ಟಾ. ಅಟ್ಲಾಂಟಿಕ್‌ನಲ್ಲಿ ಎರಡು, ಪೆಸಿಫಿಕ್‌ನಲ್ಲಿ ಎರಡು, ಹಿಂದೂ ಮಹಾಸಾಗರದಲ್ಲಿ ಒಂದು, ಹೀಗೆ ಐದು ದೊಡ್ಡ ಸುತ್ತುಗಳಿವೆ. ಉತ್ತರ ಅಟ್ಲಾಂಟಿಕ್ ಸುತ್ತಿನ ಒಳಗೆ ಸಾರ್ಗಾಸೊ ಸಮುದ್ರ ಇದೆ. ದಡವೇ ಇಲ್ಲದ ಸಮುದ್ರ ಅದು, ನಾಲ್ಕೂ ಕಡೆ ಪ್ರವಾಹಗಳೇ ಅದರ ಗಡಿ!

ಗುಡ್ಡೆ ಇರುವ ಹಾಗೆ ಗುಂಡಿಯೂ ಇದೆ. ಅಲಾಸ್ಕಾ ಹತ್ತಿರ ಗಾಳಿ ನೀರನ್ನು ನಡುವಿನಿಂದ ಹೊರಕ್ಕೆ ತಳ್ಳುವುದರಿಂದ ಅಲ್ಲಿಯ ಸುತ್ತು ಗಡಿಯಾರಕ್ಕೆ ಎದುರು. 1992ರ ಜನವರಿಯಲ್ಲಿ ಹಾಂಗ್‌ಕಾಂಗ್‌ನಿಂದ ಅಮೆರಿಕಕ್ಕೆ ಹೊರಟ ಹಡಗಿನಿಂದ ಕಂಟೇನರ್‌ಗಳು ಬಿದ್ದು ಸುಮಾರು 28,800 ಪ್ಲಾಸ್ಟಿಕ್ ಆಟಿಕೆಗಳು ಪೆಸಿಫಿಕ್ ಪಾಲಾದವು. ಹಳದಿ ಬಾತುಕೋಳಿ, ಹಸಿರು ಕಪ್ಪೆ, ನೀಲಿ ಆಮೆ. ಹತ್ತು ತಿಂಗಳಿಗೆ ಅಲಾಸ್ಕಾದ ಸಿಟ್ಕಾ ಊರಿನ ದಡದಲ್ಲಿ ಒಂದೊಂದೇ ಸಿಗತೊಡಗಿದವು. ಆ ಕಡೆಯ ಪ್ರವಾಹ ಅಳೆಯುವವರಿಗೆ ಅದು ಪುಕ್ಕಟೆ ಪ್ರಯೋಗ ಆಯಿತು.

ಇನ್ನೊಂದು ವಿಷಯ. ಈ ಸುತ್ತುಗಳು ಎರಡೂ ಕಡೆ ಒಂದೇ ಥರ ಇಲ್ಲ. ಪಶ್ಚಿಮದ ಅಂಚಿನಲ್ಲಿ ನೀರು ಇಕ್ಕಟ್ಟಾಗಿ ನುಗ್ಗುತ್ತದೆ, ಪೂರ್ವದಲ್ಲಿ ಅಗಲವಾಗಿ ಸೋಮಾರಿ ಥರ ಹೋಗುತ್ತದೆ. ಉತ್ತರ ಅಟ್ಲಾಂಟಿಕ್‌ನ ಪಶ್ಚಿಮ ಅಂಚಿನ ಗಲ್ಫ್ ಸ್ಟ್ರೀಮ್ ಸೆಕೆಂಡಿಗೆ 2 ಮೀಟರ್‌ವರೆಗೂ ಓಡುತ್ತದೆ. ಫ್ಲೋರಿಡಾ ಪಕ್ಕದಲ್ಲೇ ಸೆಕೆಂಡಿಗೆ ಸುಮಾರು 3 ಕೋಟಿ ಘನ ಮೀಟರ್ ನೀರು ಹಾಯುತ್ತದೆ, ಜಗತ್ತಿನ ಎಲ್ಲಾ ನದಿಗಳನ್ನು ಕೂಡಿಸಿದರೂ ಅದರ ಹತ್ತನೇ ಒಂದು ಪಾಲು ಆಗುವುದಿಲ್ಲ. ಇದಕ್ಕೆ ಕಾರಣ 1948ರಲ್ಲಿ ಅಮೆರಿಕದ ಸಾಗರ ವಿಜ್ಞಾನಿ ಸ್ಟೊಮೆಲ್ ತೋರಿಸಿದ: ಕೊರಿಯೊಲಿಸ್ ಎಲ್ಲಾ ಕಡೆ ಒಂದೇ ಸಮ ಇಲ್ಲ, ಧ್ರುವದ ಕಡೆ ಹೋದಂತೆ ಜಾಸ್ತಿ ಆಗುತ್ತದೆ. ಆ ಒಂದು ವ್ಯತ್ಯಾಸ ತೆಗೆದರೆ ಅವನ ಲೆಕ್ಕದಲ್ಲಿ ಸುತ್ತು ಎರಡೂ ಕಡೆ ಸಮ ಆಗಿಬಿಡುತ್ತಿತ್ತು.

ಇನ್ನು ನಮ್ಮ ಅರಬ್ಬಿ ಸಮುದ್ರ. ಇದು ಯಾವ ನಿಯಮಕ್ಕೂ ಪೂರ್ತಿ ಬಗ್ಗುವುದಿಲ್ಲ. ಮೇಲ್ಗಡೆ ಏಷ್ಯಾದ ನೆಲ ಅಡ್ಡ ಬಂದಿದೆ, ಸಾಲದ್ದಕ್ಕೆ ಗಾಳಿಯೇ ವರ್ಷಕ್ಕೆರಡು ಸಲ ದಿಕ್ಕು ಬದಲಿಸುತ್ತದೆ. ಜೂನ್‌ನಲ್ಲಿ ನೈರುತ್ಯ ಗಾಳಿ ಎದ್ದು ಇಲ್ಲಿ ನಾವು ತೊಗರಿ ಬಿತ್ತನೆಗೆ ಆಕಾಶ ನೋಡುತ್ತಾ ಕೂತಿರುವಾಗ, ಅದೇ ಗಾಳಿ ಅಲ್ಲಿ ಸೊಮಾಲಿಯಾ ಪಕ್ಕದ ನೀರನ್ನು ಉತ್ತರಕ್ಕೆ ಓಡಿಸುತ್ತಿರುತ್ತದೆ, ಗಂಟೆಗೆ 7 ಕಿಲೋಮೀಟರ್‌ಗೂ ಜಾಸ್ತಿ. ತೊಗರಿ ರಾಶಿ ಮಾಡುವ ಚಳಿಗಾಲಕ್ಕೆ ಅದೇ ಪ್ರವಾಹ ದಕ್ಷಿಣಕ್ಕೆ ತಿರುಗಿರುತ್ತದೆ. ಇಷ್ಟು ದೊಡ್ಡ ಪ್ರವಾಹ ಹೀಗೆ ಪೂರ್ತಿ ಹಿಂದಕ್ಕೆ ತಿರುಗುವುದು ಬೇರೆ ಮಹಾಸಾಗರಗಳಲ್ಲಿ ಇಲ್ಲ. ಹಾಯಿಹಡಗಿನ ಕಾಲದ ಅರಬ್ಬರು, ಗುಜರಾತಿಗಳು ಇದನ್ನು ನೋಡಿಕೊಂಡೇ ಚಳಿಗಾಲದಲ್ಲಿ ಆಫ್ರಿಕಕ್ಕೆ ಹೋಗಿ ನೈರುತ್ಯ ಗಾಳಿ ಹಿಡಿದು ವಾಪಸ್ ಬರುತ್ತಿದ್ದರು. ಈಗಿನ ತೊಗರಿ ಹಡಗಿಗೆ ಇಂಜಿನ್ ಇದೆ, ಕಾಯಬೇಕಾಗಿಲ್ಲ.

ನಿಮ್ಮ ಮಂಗಳೂರಿನ ದಡದಲ್ಲೂ ಇದೇ ಕಥೆ. ಮಳೆಗಾಲದಲ್ಲಿ ನೀರು ಕೇರಳದ ಕಡೆ ಇಳಿಯುತ್ತದೆ, ಚಳಿಗಾಲದಲ್ಲಿ ಗೋವಾ ಕಡೆ ಏರುತ್ತದೆ. ಏರುವಾಗ ಬಂಗಾಳ ಕೊಲ್ಲಿಯಿಂದ ಶ್ರೀಲಂಕಾ ಸುತ್ತಿ ಬಂದ, ಉಪ್ಪು ಕಮ್ಮಿ ಇರುವ ನೀರೂ ಅದರಲ್ಲಿ ಸೇರಿರುತ್ತದೆ. ನಿಮ್ಮ ಲ್ಯಾಬ್‌ನಲ್ಲಿ ಉಪ್ಪಿನಂಶ ಅಳೆಯುವ ಮೀಟರ್ ಇದ್ದರೆ ಆಗಸ್ಟ್‌ನಲ್ಲಿ ಬೇಡ, ದಡದ ಹತ್ತಿರ ನದಿ ನೀರು ಸೇರಿ ಲೆಕ್ಕ ಕೆಡುತ್ತದೆ. ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಅಳೆದು ಬರೆದಿಡು.

ಮತ್ತೆ ಸಮಭಾಜಕದ ಮೇಲೆ ಸರಿಯಾಗಿ ಕೊರಿಯೊಲಿಸ್ ಸೊನ್ನೆ. ಅಲ್ಲಿ ನೀರು ಏನು ಮಾಡುತ್ತದೆ? ನೀನೇ ಯೋಚಿಸಿ ಬರಿ. ಗೂಗಲ್ ನೋಡಿ ಬರೆದರೆ ನನಗೆ ಗೊತ್ತಾಗುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಶನಿವಾರದ ಬಸ್ಸಿಗೆ ಕೊಡುತ್ತೇನೆ, ರೂಮಿನವರಿಗೂ ಕೊಟ್ಟು ತಿನ್ನು.

ನಿನ್ನ ಅಪ್ಪ