ಟೂರ್‌ಗೆ ಕಟ್ಟಿದ ದುಡ್ಡಿಗೆ ಕಾವಲು ಯಾರು? ಸಚಿವ ಪ್ರಲ್ಹಾದ ಜೋಶಿ ಅವರಿಗೆ ಬಹಿರಂಗ ಪತ್ರ

ಮಾನ್ಯ ಜೋಶಿ ಅವರೇ, ನಮಸ್ಕಾರ.

ನಾನು ನಿಮ್ಮದೇ ಧಾರವಾಡ ಕ್ಷೇತ್ರದ ಮತದಾರ. ಕೇಂದ್ರದ ಗ್ರಾಹಕ ವ್ಯವಹಾರ ಖಾತೆ ನಿಮ್ಮ ಕೈಯಲ್ಲಿದೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಪ್ರವಾಸಕ್ಕೆಂದು ಜನ ಮುಂಗಡ ಕಟ್ಟುವ ದುಡ್ಡಿಗೆ ನಮ್ಮಲ್ಲಿ ಕಾವಲಿಲ್ಲ.

2023ರ ಮೇ ತಿಂಗಳು ನಿಮಗೆ ನೆನಪಿರಬಹುದು. ಬೇಸಿಗೆ ರಜೆಯ ಹೊತ್ತಿನಲ್ಲೇ ಗೋ ಫಸ್ಟ್ ವಿಮಾನ ಕಂಪನಿ ದಿವಾಳಿ ಅರ್ಜಿ ಹಾಕಿತು, ಅದರ ವಿಮಾನಗಳು ನಿಂತುಹೋದವು. ಶ್ರೀನಗರಕ್ಕೋ ಲೇಹ್‌ಗೋ ಟಿಕೆಟ್ ಒಂದು ಕಡೆ, ಹೋಟೆಲ್ ಇನ್ನೊಂದು ಕಡೆ, ಟ್ಯಾಕ್ಸಿ ಮತ್ತೊಂದು ಕಡೆ ಬುಕ್ ಮಾಡಿದವರ ಪಾಡು ಯೋಚಿಸಿ. ವಿಮಾನ ನಿಂತಿದ್ದಕ್ಕೆ ಹೋಟೆಲ್‌ನವರು ಹೊಣೆಯಲ್ಲ. ‘ರೂಮ್ ರೆಡಿ ಇದೆ, ನೀವೇ ಬರ್ತಿಲ್ಲ’ ಅಂದರೆ ಮುಗೀತು. ರಿಫಂಡ್ ಇಲ್ಲದ ಬುಕಿಂಗ್ ಆಗಿದ್ದರೆ ಆ ದುಡ್ಡೂ ಹೋಯಿತು. ಟಿಕೆಟ್ ದುಡ್ಡಿಗೆ ಕ್ಲೇಮ್ ಹಾಕಿ ಕೂರಬೇಕು. ದಿವಾಳಿ ಪ್ರಕ್ರಿಯೆ ಶುರುವಾದರೆ ಆ ಕಂಪನಿ ಮೇಲಿನ ಗ್ರಾಹಕ ಕೋರ್ಟ್ ಕೇಸೂ ನಿಲ್ಲುತ್ತದೆ. ಬ್ಯಾಂಕುಗಳ ಸಾಲ, ನೌಕರರ ಬಾಕಿ ಎಲ್ಲ ಮೊದಲು. ಪ್ರಯಾಣಿಕರ ಸರದಿ ಬರೋದು ಕೊನೆಗೆ.

ಹಾಗಾದರೆ ಪ್ಯಾಕೇಜ್ ತಗೊಂಡರೆ ನಿಶ್ಚಿಂತೆಯೇ? ಕೇಳೋಕೆ ಒಬ್ಬರಾದರೂ ಇರುತ್ತಾರೆ, ಅಷ್ಟು ವಾಸಿ. ಆದರೆ ಆ ಟೂರ್ ಕಂಪನಿಯೇ ಬಾಗಿಲು ಹಾಕಿದರೆ ಟಿಕೆಟ್, ಹೋಟೆಲ್, ಊಟ ಎಲ್ಲದರ ದುಡ್ಡೂ ಒಟ್ಟಿಗೆ ಮುಳುಗುತ್ತದೆ.

ಬ್ರಿಟನ್‌ನಲ್ಲಿ 2019ರ ಸೆಪ್ಟೆಂಬರ್ 23ರಂದು ಅಲ್ಲಿನ ಥಾಮಸ್ ಕುಕ್ ಎಂಬ ಟೂರ್ ಕಂಪನಿ ಮುಚ್ಚಿತು (ನಮ್ಮಲ್ಲಿರುವುದು ಬೇರೆ ಕಂಪನಿ). ಸಿಕ್ಕಿಬಿದ್ದ ಸುಮಾರು 1.5 ಲಕ್ಷ ಜನರನ್ನು ಊರಿಗೆ ಕರೆತಂದರು. ಇನ್ನೂ ಹೊರಡದಿದ್ದ ಪ್ಯಾಕೇಜ್ ಗ್ರಾಹಕರಿಗೆ ‘ಅಟಾಲ್’ ಯೋಜನೆಯಿಂದ ದುಡ್ಡು ವಾಪಸ್ ಸಿಕ್ಕಿತು. ಅದಕ್ಕಾಗಿ ಅಲ್ಲಿ ಟೂರ್ ಕಂಪನಿ ಪ್ರತಿ ಪ್ರಯಾಣಿಕರ ಲೆಕ್ಕದಲ್ಲಿ 2.50 ಪೌಂಡ್ ಒಂದು ನಿಧಿಗೆ ಕಟ್ಟುತ್ತದೆ.

ಪ್ಯಾಕೇಜ್ ಯಾವುದು, ಬಿಡಿ ಬುಕಿಂಗ್ ಯಾವುದು ಎಂಬುದು ನಮ್ಮ ಸರ್ಕಾರಕ್ಕೂ ಚೆನ್ನಾಗಿ ಗೊತ್ತು. 2020ರ ಅಕ್ಟೋಬರ್ 1ರಿಂದ ವಿದೇಶ ಪ್ಯಾಕೇಜ್‌ಗಳ ಮೇಲೆ ಟಿಸಿಎಸ್ (ಮಾರುವವರೇ ಗ್ರಾಹಕರಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯುತ್ತಿದ್ದಾರೆ. ಬರೀ ಟಿಕೆಟ್ ಅಥವಾ ಬರೀ ಹೋಟೆಲ್ ಆದರೆ ಪ್ಯಾಕೇಜ್ ಅಲ್ಲ, ಎರಡೂ ಸೇರಿದರೆ ಪ್ಯಾಕೇಜ್ ಎಂದು ನೇರ ತೆರಿಗೆ ಮಂಡಳಿ 2023ರಲ್ಲಿ ಬಿಡಿಸಿ ಹೇಳಿದೆ. ತೆರಿಗೆ ಹಿಡಿಯುವಾಗ ಇಷ್ಟು ಖಚಿತ ಲೆಕ್ಕ ಇಟ್ಟವರು, ಅದೇ ಜನರ ದುಡ್ಡು ಮುಳುಗುವಾಗ ಯಾಕೆ ಸುಮ್ಮನಿರಬೇಕು?

ಲಾಕ್‌ಡೌನ್‌ನಲ್ಲಿ ರದ್ದಾದ ಟಿಕೆಟ್‌ಗಳ ದುಡ್ಡನ್ನು ನಿಮ್ಮ ಇಲಾಖೆಯ ಗ್ರಾಹಕ ರಕ್ಷಣಾ ಪ್ರಾಧಿಕಾರ ಬೆನ್ನುಹತ್ತಿ ಕೊಡಿಸಿತು. ಮೆಚ್ಚುವ ಕೆಲಸ. ಆದರೆ ಬೆನ್ನುಹತ್ತಲು ಕಂಪನಿ ಉಳಿದಿರಬೇಕಲ್ವಾ?

ಪ್ಯಾಕೇಜ್ ಮಾರುವವರು ಗ್ರಾಹಕರ ಮುಂಗಡಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಲಿ, ಇಲ್ಲವೇ ಪ್ರವಾಸ ಮುಗಿಯುವ ತನಕ ಅದನ್ನು ಬೇರೆ ಖಾತೆಯಲ್ಲಿಡಲಿ. ಸಣ್ಣ ಟೂರ್‌ನವರಿಗೆ ಇದು ಭಾರ ಆಗುತ್ತದೆ, ಅವರಿಗೆ ಒಂದು ಸಾಮೂಹಿಕ ನಿಧಿ ಮಾಡಿ. ಬಿಡಿಬಿಡಿಯಾಗಿ ಬುಕ್ ಮಾಡುವವರಿಗೆ ದುಡ್ಡು ಕಟ್ಟುವ ಮೊದಲೇ, ಕನ್ನಡದಲ್ಲೂ, ಯಾವುದಕ್ಕೆ ಯಾರು ಹೊಣೆ ಅಂತ ತೋರಿಸಲೇಬೇಕು ಎಂಬ ನಿಯಮ ತನ್ನಿ. ಪ್ರವಾಸೋದ್ಯಮ ಇಲಾಖೆಯ ಜೊತೆ ಕೂತು ಮುಂದಿನ ಬೇಸಿಗೆಯ ಬುಕಿಂಗ್ ಶುರುವಾಗುವ ಮುಂಚೆ ಕರಡು ಹೊರಡಿಸಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ಮತದಾರ